ಪ್ರತಿಕ್ರಿಯೆ: ನಿಂತೇ ಇರುವ ಕಾರಿನ ಬ್ಯಾಟರಿ

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೂ ಮೂರು ವಾರಕ್ಕೆ ಬ್ಯಾಟರಿ ಕೂರುತ್ತೆ ಅಂದಿದ್ದೀರಿ. ಬಹುಶಃ ಕಾರಣ, ನಿಂತಾಗಿನ ಕರೆಂಟ್ ಸೋರಿಕೆ. ಅಲಾರ್ಮ್, ಲಾಕ್, ಗಡಿಯಾರ ಸೇರಿ 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪ್-ಅವರ್ (ಬ್ಯಾಟರಿಯಲ್ಲಿನ ಚಾರ್ಜ್ ಅಳೆಯುವ ಲೆಕ್ಕ), ಮೂರು ವಾರಕ್ಕೆ 25. ನಿಮ್ಮದು 45 ಆಂಪ್-ಅವರ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಐಡಲ್‌ನಲ್ಲಿ (ಗಾಡಿ ನಿಂತಲ್ಲೇ) ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸ್ಟಾರ್ಟರ್ ತಿಂದದ್ದು ವಾಪಸ್ ಬರಬಹುದು, ವಾರದ ಸೋರಿಕೆ ಪೂರ್ತಿ ತುಂಬುವುದು ಕಷ್ಟ.

ಮೊದಲು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ಆಮೇಲೆ ನೆಗೆಟಿವ್ ಕೇಬಲ್ ಬಿಚ್ಚಿ (ಹೆಚ್ಚಾಗಿ 10 ಎಂಎಂ ಸ್ಪ್ಯಾನರ್ ಸಾಕು), ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ಬಹುತೇಕ ಸರಿ ಇದೆ. 12.4ಕ್ಕಿಂತ ಕೆಳಗಿಳಿದಿದ್ದರೆ ಸೆಲ್ ಹೋಗಿರುವ ಅನುಮಾನ. ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿ ತಾಳುತ್ತದೆಯೇ ನೋಡುವ ಪರೀಕ್ಷೆ) ಮಾಡಿಸದೆ ಹೊಸದು ಕೊಳ್ಳಬೇಡಿ.

ಸರಿ ಇದ್ದರೆ ನೆಗೆಟಿವ್ ಕೇಬಲ್ ವಾಪಸ್ ಹಾಕಿ; ಮುಂದೆ ಎರಡು ದಾರಿ. ಪ್ಲಗ್ ಪಾಯಿಂಟ್ ಹತ್ತಿರವಿದ್ದರೆ ತಾನಾಗಿ ಫ್ಲೋಟ್‌ಗೆ (ತುಂಬಿದ್ದನ್ನು ಹಾಗೇ ಉಳಿಸುವ ಸಣ್ಣ ಚಾರ್ಜ್‌ಗೆ) ಇಳಿಯುವ ಸ್ಮಾರ್ಟ್ ಚಾರ್ಜರ್ ಹಾಕಿಟ್ಟುಬಿಡಿ. ಕೆಂಪು ಕ್ಲಿಪ್ ಮೊದಲು ಪಾಸಿಟಿವ್‌ಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರ, ಕಾರಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಹಳೇ ಸಾದಾ ಚಾರ್ಜರ್ ಹಾಗೆ ಬಿಟ್ಟರೆ ಬ್ಯಾಟರಿಯ ನೀರು ಗ್ಯಾಸ್ ಆಗಿ ಹೋಗಿ ಒಳಗಿನ ಪ್ಲೇಟ್ ಒಣಗುತ್ತವೆ.

ಪ್ಲಗ್ ಇಲ್ಲವೇ? ನಿಲ್ಲಿಸುವಾಗೆಲ್ಲ ನೆಗೆಟಿವ್ ಬಿಚ್ಚಿಡಿ. ವಾಪಸ್ ಹಾಕಿದಾಗ ಸ್ಟೀರಿಯೋ ಕೋಡ್ ಕೇಳುವುದಾದರೆ ಮೊದಲೇ ಬರೆದುಕೊಳ್ಳಿ, ಕೀಲಿಯಿಂದ ಬಾಗಿಲು ತೆರೆಯುತ್ತದೆಯೇ ನೋಡಿಕೊಳ್ಳಿ. ಬ್ಯಾಟರಿ ಡಿಕ್ಕಿಯಲ್ಲಿದ್ದು ಅದರ ಲಾಕ್ ಕರೆಂಟಿನದಾದರೆ ಡಿಕ್ಕಿ ಮುಚ್ಚಲೇಬೇಡಿ.