ಸ್ವಂತ ಕಸುಬಿಗೆ ಹೊರಗಿನ ಕಣ್ಣು

ಪ್ರಶ್ನೆ: ದಾವಣಗೆರೆಯಲ್ಲಿ 5 ವರ್ಷಗಳಿಂದ ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕ ನಡೆಸುತ್ತಿದ್ದೇನೆ. 6 ಯಂತ್ರಗಳಿವೆ, ನಾಲ್ವರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಏಪ್ರಿಲ್‌ನಿಂದ ಜೂನ್‌ವರೆಗೆ ಊಟಕ್ಕೂ ಬಿಡುವಿರುವುದಿಲ್ಲ. ಜುಲೈ ಕಳೆದರೆ ಕೆಲಸ ಇಳಿಯುತ್ತದೆ, ಅದರ ಜೊತೆಗೆ ನನ್ನ ಹುರುಪೂ ಇಳಿಯುತ್ತದೆ. ಮೊದಲೆರಡು ವರ್ಷ ಬೆಳಿಗ್ಗೆ ಎಂಟಕ್ಕೇ ಷಟರ್ ಎತ್ತುತ್ತಿದ್ದವಳು ಈಗ ಹನ್ನೊಂದಾದರೂ ಮನೆ ಬಿಡುವುದಿಲ್ಲ. ಶಾಲೆಗಳಿಂದ ಬರಬೇಕಾದ ಬಾಕಿ ಕೇಳುವುದನ್ನು ಮುಂದೂಡುತ್ತೇನೆ, ಜಿಎಸ್‌ಟಿ ಲೆಕ್ಕವನ್ನು ಕೊನೆಯ ದಿನದವರೆಗೆ ಮುಟ್ಟುವುದಿಲ್ಲ. ಪತಿ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದಾರೆ. ಮೂರು ತಿಂಗಳಿಗೆ 45,000 ರೂಪಾಯಿ ಪಡೆಯುವ ‘ಬಿಸಿನೆಸ್ ಕೋಚ್’ ಒಬ್ಬರನ್ನು ಗೆಳತಿ ಸೂಚಿಸಿದ್ದಾಳೆ. ನನ್ನ ಕಸುಬಿಗೆ ನಾನೇ ಹುರುಪು ತಂದುಕೊಳ್ಳಲಾರದೆ ಇನ್ನೊಬ್ಬರಿಗೆ ದುಡ್ಡು ಕೊಡುವುದು ಸರಿಯೇ?

ಉತ್ತರ: ದುಡ್ಡು ಕೊಟ್ಟು ನೆರವು ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನಿಮಗೆ ಬೇಕಾಗಿರುವುದು ಹುರುಪೇ ಹೌದೇ ಎಂಬುದನ್ನು ಮೊದಲು ನೋಡೋಣ. ನೀವೇ ಬರೆದಿರುವಂತೆ, ಏಪ್ರಿಲ್‌ನಿಂದ ಜೂನ್‌ವರೆಗೆ ಅದಕ್ಕೆ ಕೊರತೆಯಿಲ್ಲ. ಆ ಮೂರು ತಿಂಗಳು ‘ಬಟ್ಟೆ ಎಲ್ಲಿಗೆ ಬಂತು’ ಎಂದು ಶಾಲೆಯವರು ಕೇಳುತ್ತಾರೆ, ಪೋಷಕರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಜುಲೈ ನಂತರ ಕೇಳುವವರೇ ಇರುವುದಿಲ್ಲ. ಕಡಿಮೆಯಾದದ್ದು ನಿಮ್ಮ ಮನಸ್ಸಿನ ಬಲವಲ್ಲ, ನಿಮ್ಮ ಕೆಲಸವನ್ನು ನೋಡುವ ಕಣ್ಣುಗಳು ಎಂದೇ ನನಗೆ ತೋರುತ್ತದೆ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನು ನೀವು ಕಂಡವರು. ಭತ್ತ ನೆನೆಹಾಕಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುವ ಆ ಕೆಲಸದಲ್ಲಿ ಮಾಲೀಕನಿಗೆ ಇಂದು ಮನಸ್ಸಿದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಿನ್ನೆ ನೆನೆಹಾಕಿದ ಭತ್ತ ಇಂದು ಅವನನ್ನು ಎಬ್ಬಿಸುತ್ತದೆ. ಬೆಣ್ಣೆ ದೋಸೆಯ ಹೋಟೆಲಿನವರಿಗೆ ರಾತ್ರಿ ರುಬ್ಬಿಟ್ಟ ಹಿಟ್ಟು ಇದೆ. ನಿಮ್ಮ ಕಸುಬಿನಲ್ಲಿ ಜುಲೈ ಬಳಿಕ ಹೀಗೆ ನೆನೆದು ಕಾಯುತ್ತಿರುವುದು ಏನೂ ಇಲ್ಲ. ಬಟ್ಟೆಯ ಥಾನು ಎಷ್ಟು ದಿನವಾದರೂ ಹಳಸದೆ ಕುಳಿತಿರುತ್ತದೆ. ಆದ್ದರಿಂದ ಆ ಒತ್ತಡವನ್ನು ಹೊರಗಿನಿಂದ ತಂದುಕೊಳ್ಳಬೇಕಾಗುತ್ತದೆ. ಮಂಡಿ ವ್ಯಾಪಾರಿಗಳ ಬಳಿ ಸಂಜೆ ರೋಕಡ ಪುಸ್ತಕ ಹಿಡಿದು ಕೂರುತ್ತಿದ್ದ ಗುಮಾಸ್ತ ಬರೀ ಲೆಕ್ಕ ಬರೆಯುತ್ತಿರಲಿಲ್ಲ. ‘ಸಾಹುಕಾರ್ರೇ, ಇವರ ಉದ್ರಿ ಮೂರು ತಿಂಗಳಾಯಿತಲ್ಲ’ ಎಂದು ನೆನಪಿಸುವ ಹಕ್ಕು ಅವನಿಗಿತ್ತು, ಮತ್ತು ಎಷ್ಟೇ ದೊಡ್ಡ ಸಾಹುಕಾರನಾದರೂ ದಿನಕ್ಕೊಮ್ಮೆ ಆ ಮಾತಿಗೆ ಉತ್ತರ ಕೊಡಬೇಕಾಗುತ್ತಿತ್ತು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಈ ಅಂಕಣಕ್ಕೆ ಬರುವ ಮೊದಲು ನಾನು ಸಣ್ಣ ಮುದ್ರಣಾಲಯವೊಂದನ್ನು ನಡೆಸುತ್ತಿದ್ದೆ. ಒಂದು ಸಂಸ್ಥೆಯಿಂದ ಬರಬೇಕಿದ್ದ ಹಣ ವರ್ಷವಾದರೂ ಬರಲಿಲ್ಲ. ಕೇಳಲು ಸಂಕೋಚ, ಕೇಳದಿದ್ದರೆ ಕಾಗದದ ಅಂಗಡಿಯವರಿಗೆ ಮುಖ ತೋರಿಸಲಾಗದ ಸ್ಥಿತಿ. ಕೊನೆಗೆ ಅಂಗಡಿಯ ಬಾಗಿಲು ತೆಗೆಯುವುದೇ ಬೇಡವೆನಿಸತೊಡಗಿತು, ಮತ್ತು ಅದನ್ನು ನಾನು ಬಹಳ ಕಾಲ ಸೋಮಾರಿತನವೆಂದೇ ಭಾವಿಸಿದ್ದೆ. ನಿವೃತ್ತ ಗುಮಾಸ್ತರೊಬ್ಬರು ವಾರಕ್ಕೆರಡು ಸಂಜೆ ಬಂದು ಬಾಕಿಯ ಪಟ್ಟಿ ಮಾಡಿ, ತಾವೇ ಫೋನು ಮಾಡತೊಡಗಿದ ಮೇಲೆ ತಿಳಿಯಿತು: ನಾನು ಬೇಸತ್ತದ್ದು ಅಚ್ಚಿನ ಕೆಲಸದಿಂದಲ್ಲ, ವಸೂಲಿಯಿಂದ.

ನೀವೂ ಹಾಗೆ ಬೇರ್ಪಡಿಸಿ ನೋಡಿ. ಕತ್ತರಿ ಹಿಡಿಯುವುದು ಬೇಸರವೇ? ಪತ್ರದಲ್ಲಿ ಅದರ ಬಗ್ಗೆ ಒಂದು ದೂರೂ ಇಲ್ಲ. ದೂರಿರುವುದು ಬಾಕಿ ಮತ್ತು ಜಿಎಸ್‌ಟಿಯ ಬಗ್ಗೆ. ಇವೆರಡನ್ನೂ ಬೇರೆಯವರ ಕೈಗೆ ಕೊಡಬಹುದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಖು ಪ್ರತಿ ತಿಂಗಳು ಬಂದಾಗ ನಿಮಗೆ ಎದೆ ಹೊಡೆದುಕೊಳ್ಳುತ್ತಿದ್ದರೆ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇರುವವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಅವಕಾಶ 2021ರಿಂದ ಇದೆ ಎಂಬುದನ್ನು ನಿಮ್ಮ ತೆರಿಗೆ ಸಲಹೆಗಾರರೊಂದಿಗೆ ಚರ್ಚಿಸಿ; ನಡುವಿನ ಎರಡು ತಿಂಗಳು ತೆರಿಗೆಯ ಹಣವನ್ನು ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕಾಗುತ್ತದೆ.

ಬಾಕಿಯ ವಿಷಯಕ್ಕೆ ಕಾನೂನಿನ ಬೆಂಬಲವೂ ಇದೆ. ಸಣ್ಣ ತಯಾರಕರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಮಾಡಿಸಿಕೊಂಡಿದ್ದರೆ, 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಕೊಂಡವರು ಹಣ ಕೊಡಲು, ಒಪ್ಪಂದವಿದ್ದರೂ, 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ನೋಂದಣಿಗೆ ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಮುಂದಿನ ವರ್ಷವೂ ಕೆಲಸ ಕೊಡಬೇಕಾದ ಶಾಲೆಯ ಮೇಲೆ ದೂರು ಹಾಕಿ ಎಂದು ನಾನು ಹೇಳುತ್ತಿಲ್ಲ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು 45 ದಿನಗಳ ನಿಯಮವನ್ನು ಅಚ್ಚು ಹಾಕಿಸಿದರೆ ನೀವು ಬಾಯಿಬಿಟ್ಟು ಕೇಳಲಾರದ ಮಾತನ್ನು ಕಾಗದವೇ ಕೇಳುತ್ತದೆ.

ಇನ್ನು ಉಳಿಯುವುದು ಬೆಳಿಗ್ಗೆಯ ಷಟರ್. ಇದಕ್ಕೆ ಬೇಕಾದವರು ಗುರುಗಳಲ್ಲ, ನಿಮ್ಮಂತೆಯೇ ಒಂಟಿಯಾಗಿ ಕಸುಬು ನಡೆಸುವ ಮತ್ತೊಬ್ಬರು. ಅವರು ಸಮವಸ್ತ್ರದ ವ್ಯಾಪಾರದವರಾಗಿರದಿದ್ದರೆ ಒಳ್ಳೆಯದು. ಪೈಪೋಟಿಯಿದ್ದಲ್ಲಿ ನಿಜ ಹೊರಬರುವುದಿಲ್ಲ. ಬೇಕರಿಯವರೋ, ಬ್ಯೂಟಿ ಪಾರ್ಲರ್ ನಡೆಸುವವರೋ ಆಗಲಿ, ಪ್ರತಿ ಸೋಮವಾರ ಅರ್ಧ ಗಂಟೆ ಎದುರುಬದುರು ಕುಳಿತು, ಕಳೆದ ವಾರ ಹೇಳಿದ್ದರಲ್ಲಿ ಏನು ಮಾಡಿದೆ, ಈ ವಾರ ಏನು ಮಾಡುತ್ತೇನೆ ಎಂಬುದನ್ನು ಪರಸ್ಪರ ಓದಿ ಹೇಳಿರಿ. ಸಮಾಧಾನ ಹೇಳುವುದು ಬೇಡ, ಬೈಯುವುದೂ ಬೇಡ, ಕೇಳಿಸಿಕೊಂಡರೆ ಸಾಕು. ‘ಹರಿಹರದ ಎರಡು ಶಾಲೆಗಳಿಗೆ ಕ್ರೀಡಾ ಉಡುಪಿನ ಮಾದರಿ ತೋರಿಸುತ್ತೇನೆ’ ಎಂದು ಸೋಮವಾರ ಹೇಳಿದವರಿಗೆ ಶನಿವಾರ ಬಂದರೆ ಕಾಲು ತಾನಾಗಿಯೇ ಬಸ್‌ ನಿಲ್ದಾಣದ ಕಡೆಗೆ ನಡೆಯುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಟ್ಟು ಸುಮ್ಮನಾಗುವುದಿಲ್ಲ, 2 ವರ್ಷ ಶಿಬಿರಾರ್ಥಿಗಳ ಬೆನ್ನಿಗಿರುತ್ತದೆ. ಕಸುಬು ಕಲಿತ ಮಾತ್ರಕ್ಕೆ ಅದನ್ನು ನಡೆಸಿಕೊಂಡು ಹೋಗುವುದು ಬಂದುಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಅದರ ಶಾಖೆ ಚಿತ್ರದುರ್ಗದಲ್ಲೂ ಇದೆ.

ಕೋಚ್ ಬೇಡವೇ ಬೇಡವೆಂದೇನೂ ಅಲ್ಲ. ಮೂರು ತಿಂಗಳ ಶುಲ್ಕವನ್ನು ಒಮ್ಮೆಲೇ ಕೊಡಬೇಡಿ, ಒಂದು ತಿಂಗಳಿಗೆ ಒಪ್ಪುತ್ತಾರೆಯೇ ಕೇಳಿ. ಮೊದಲ ಭೇಟಿಯಲ್ಲಿ ಅವರು ನಿಮ್ಮ ಖಾತೆ ಪುಸ್ತಕ ನೋಡಬಯಸಿದರೆ ಮುಂದುವರಿಯಿರಿ; ಕನ್ನಡಿಯ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ’ ಎಂದು ಕೂಗಲು ಹೇಳಿದರೆ ನಮಸ್ಕಾರ ಹೇಳಿ ಎದ್ದುಬನ್ನಿ.

ಒಂದು ಮಾತನ್ನು ಮಾತ್ರ ಹಗುರವಾಗಿ ಓದಬೇಡಿ. ಬೇಸರ ಅಂಗಡಿಗಷ್ಟೇ ಸೀಮಿತವಾಗಿರದೆ ನಿದ್ರೆ, ಊಟ, ಮನೆಯವರ ಮಾತು ಯಾವುದೂ ಬೇಡವೆನಿಸುತ್ತಾ ವಾರಗಳು ಕಳೆದಿದ್ದರೆ ಅದು ವ್ಯಾಪಾರದ ಪ್ರಶ್ನೆಯಲ್ಲ. ವೈದ್ಯರನ್ನು ಕಾಣಿರಿ, ಅಥವಾ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ದಿನದ ಗುರಿ ಮುಟ್ಟಿದೆನೇ ಎಂದು ರಾತ್ರಿ ನನ್ನನ್ನು ಕೇಳುವಂತೆ ಹೆಂಡತಿಗೆ ಹೇಳಿದ್ದೆ. ಈಗ ದಿನವೂ ಜಗಳ. ಏನು ಮಾಡಲಿ?

ಉತ್ತರ: ಆ ಜವಾಬ್ದಾರಿಯಿಂದ ಅವರನ್ನು ಇಂದೇ ಬಿಡಿಸಿರಿ. ನಿಮ್ಮ ಗಳಿಕೆಯ ಮೇಲೆ ಮನೆ ನಡೆಸುವವರು ‘ಇವತ್ತು ಎಷ್ಟು ಮೋಟಾರು ಆಯಿತು’ ಎಂದಾಗ, ಅವರು ಎಷ್ಟೇ ಮೃದುವಾಗಿ ಕೇಳಿದರೂ, ನಿಮ್ಮ ಕಿವಿಗೆ ‘ದುಡ್ಡು ಎಲ್ಲಿ’ ಎಂದೇ ಬೀಳುತ್ತದೆ. ತಪ್ಪು ಇಬ್ಬರದೂ ಅಲ್ಲ. ನಿಮ್ಮ ಲಾಭನಷ್ಟದಲ್ಲಿ ಪಾಲಿಲ್ಲದ ಯಾರನ್ನಾದರೂ, ಪಕ್ಕದ ಅಂಗಡಿಯವರನ್ನೇ ಆದರೂ ಆಗಬಹುದು, ವಾರಕ್ಕೊಮ್ಮೆ ಕೇಳುವಂತೆ ಒಪ್ಪಿಸಿರಿ; ರಾತ್ರಿ ಊಟಕ್ಕೆ ಕುಳಿತಾಗ ಮೋಟಾರಿನ ಮಾತು ಬೇಡ.