ಸಂಪಾದಕರ ಉತ್ತರ: ವಿಶ್ವಾಸಿಗೆ ಸಾವಿನ ಹೆದರಿಕೆ ಇರಬಾರದೇ?

ಓದುಗರೊಬ್ಬರ ಪತ್ರ: "ಅವ್ವನಿಗೆ ಕ್ಯಾನ್ಸರ್. ಇನ್ನು ಚಿಕಿತ್ಸೆ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದಾರೆ. ಒಂದು ಭಾನುವಾರವೂ ಆರಾಧನೆ ತಪ್ಪಿಸದ ಅವ್ವ ಈಗ ರಾತ್ರಿ ಲೈಟು ಆರಿಸಲು ಬಿಡುವುದಿಲ್ಲ. 'ಸಾಯಾಕ ಅಂಜಿಕಿ ಆಗ್ತದ' ಅನ್ನುತ್ತಾಳೆ. ಪ್ರಾರ್ಥನೆಗೆ ಬಂದವರು, ವಿಶ್ವಾಸಿ ಹೆದರಬಾರದು ಎಂದು ಹೇಳಿ ಹೋದರು. ಅಂದಿನಿಂದ ಅವ್ವ ಮಾತೇ ಕಡಿಮೆ ಮಾಡಿದ್ದಾಳೆ. ಅವಳಿಗೆ ನಾನು ಏನು ಹೇಳಲಿ?"

ಪ್ರಿಯ ಸಹೋದರಿ,

ಹೆದರಿಕೆ ಪಾಪವಲ್ಲ. ಮೊದಲು ಅವ್ವನಿಗೆ ಇದನ್ನು ಹೇಳಿ. ಪೌಲನು ಕೊರಿಂಥದವರಿಗೆ ಬರೆಯುವಾಗ ಸಾವನ್ನು ಕಡೆಯ ಶತ್ರು ಎಂದೇ ಕರೆಯುತ್ತಾನೆ. ಶತ್ರು ಹೊಸ್ತಿಲಿಗೆ ಬಂದು ನಿಂತಾಗ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತಾನೇ ಕಳವಳಪಟ್ಟನು. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡನು. ನನ್ನ ಸಂಗಡ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿದನು. ಅವರು ನಿದ್ದೆ ಹೋದರು. ಅವ್ವ ಲೈಟು ಆರಿಸಬೇಡ ಅನ್ನುವುದೂ ಅಷ್ಟೇ, ಅಲ್ವಾ? ಯಾರಾದರೂ ಎಚ್ಚರವಾಗಿರಲಿ ಎಂದು.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. 1542ರ ಸೆಪ್ಟೆಂಬರಿನಲ್ಲಿ ವಿಟೆನ್‌ಬರ್ಗ್‌ನಲ್ಲಿ ಅವರ ಮಗಳು ಮಗ್ದಲೇನಾ ಹಾಸಿಗೆ ಹಿಡಿದಳು. 13 ವರ್ಷದ ಹುಡುಗಿ. ಇಲ್ಲಿ ಈ ಅಪ್ಪನ ಹತ್ತಿರ ಇರಬೇಕು ಅನ್ನಿಸುತ್ತದೆ, ಆದರೆ ಆ ತಂದೆಯ ಹತ್ತಿರ ಹೋಗಲಿಕ್ಕೂ ಮನಸ್ಸಿದೆ ತಾನೇ ಎಂದು ಲೂಥರ್ ಕೇಳಿದರು. ದೇವರ ಚಿತ್ತದಂತೆ ಆಗಲಿ ಅಪ್ಪಾ ಎಂದಳು. ಅಪ್ಪನ ತೋಳಲ್ಲೇ ಜೀವ ಬಿಟ್ಟಳು. ಆಮೇಲೆ ಗೆಳೆಯ ಯುಸ್ಟಸ್ ಯೋನಾಸ್‌ಗೆ ಲೂಥರ್ ಒಂದು ಪತ್ರ ಬರೆದರು. ಮಗಳು ಒಳ್ಳೆಯ ಕಡೆಗೆ ಹೋದಳು, ದೇವರಿಗೆ ಸ್ತೋತ್ರ ಹೇಳಬೇಕು, ಆದರೆ ಅಳದೆ ಹೇಳಲು ನಮ್ಮಿಂದ ಆಗುತ್ತಿಲ್ಲ. ಅವಳ ಮುಖ, ಮಾತು, ಓಡಾಟ ಎದೆಯೊಳಗೆ ಅಂಟಿಕೊಂಡಿವೆ. ಕ್ರಿಸ್ತನ ಮರಣವನ್ನು ನೆನೆದರೂ ಈ ಸಂಕಟ ಪೂರ್ತಿ ಹೋಗುವುದಿಲ್ಲ ಎಂದು. ಪುನರುತ್ಥಾನದ ವಿಷಯ ಊರಿಗೆಲ್ಲ ಬೋಧಿಸಿದ ಮನುಷ್ಯ ಇವರು! ವಿಶ್ವಾಸಿ ಅಳಬಾರದು ಎಂದು ಆ ದಿನ ಯಾರಾದರೂ ಅವರ ಮನೆಗೆ ಹೋಗಿ ಹೇಳಿದ್ದರೆ ಚೆನ್ನಾಗಿ ಬೈಸಿಕೊಂಡು ಬರುತ್ತಿದ್ದರು. ಲೂಥರ್ ಬೈಗುಳ ಸಣ್ಣದಲ್ಲ.

ಹಾಗಾದರೆ ಆದರಣೆ ಎಲ್ಲಿದೆ? 1563ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಸಭೆಗಳಿಗೂ ಶಾಲೆಯ ಮಕ್ಕಳಿಗೂ ಕಲಿಸಲು ಒಂದು ಪ್ರಶ್ನೋತ್ತರ ಪುಸ್ತಕ ಬಂತು. ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಆದರಣೆ ಯಾವುದು ಎಂಬುದೇ ಅದರ ಮೊದಲ ಪ್ರಶ್ನೆ. ನಾನು ನನ್ನ ಸ್ವತ್ತಲ್ಲ, ದೇಹ ಆತ್ಮ ಎರಡೂ ಯೇಸು ಕ್ರಿಸ್ತನಿಗೆ ಸೇರಿದವು ಎಂದು ಉತ್ತರ ಶುರುವಾಗುತ್ತದೆ. ನನ್ನ ನಂಬಿಕೆ ಗಟ್ಟಿಯಾಗಿದೆ ಅನ್ನುವ ಮಾತು ಅಲ್ಲಿಲ್ಲ ನೋಡಿ. ನಮ್ಮ ಶ್ರೀವೈಷ್ಣವರು ಹಿಂದಿನಿಂದ ಹೇಳುವ ಹೋಲಿಕೆ ಒಂದಿದೆ: ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಅವ್ವನದು ಈಗ ಬೆಕ್ಕಿನ ಮರಿಯ ಪಾಡು. ಅವಳ ಹಿಡಿತ ಸಡಿಲವಾಗಿರಬಹುದು, ಆತನದು ಆಗಿಲ್ಲ.

ಆ ಉತ್ತರದಲ್ಲಿ ದೇಹವೂ ಸೇರಿದೆ ಅನ್ನುವುದು ನನಗೆ ದೊಡ್ಡ ವಿಷಯ. ಆತ್ಮ ಹಾರಿ ಹೋಗುತ್ತದೆ, ದೇಹ ಬರೀ ಮಣ್ಣು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕ್ರೈಸ್ತ ನಿರೀಕ್ಷೆ ಅಷ್ಟಕ್ಕೇ ನಿಲ್ಲುವುದಿಲ್ಲ. ಎದ್ದು ಬಂದ ಯೇಸು ತನ್ನ ಕೈಕಾಲು ತೋರಿಸಿದನು, ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದನು. ನೀವು ದಿನಾ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತಿರುವ ಆ ಬೆನ್ನು ದೇವರಿಗೆ ಬೇಡವಾದ ವಸ್ತುವಲ್ಲ. ಒರೆಸುವಾಗ ಇದನ್ನು ಅವ್ವನಿಗೆ ಹೇಳಿ ನೋಡಿ.

ಜಾಸ್ತಿ ಉಪದೇಶ ಬೇಡ. 23ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಹಸುರುಗಾವಲಿನಲ್ಲಿ ದೇವರ ಬಗ್ಗೆ ಹಾಡುತ್ತಿದ್ದ ದಾವೀದ ಕಾರ್ಗತ್ತಲ ಕಣಿವೆಗೆ ಬಂದ ಕೂಡಲೇ ದೇವರ ಜೊತೆಗೇ ಮಾತಾಡಲು ಶುರುಮಾಡುತ್ತಾನೆ. ಅವ್ವ ಬಾಯಿಬಿಟ್ಟು ಏನಾದರೂ ಹೇಳಿದರೆ ತಡೆಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ.

ನೋವಿನ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಸಹಿಸಿಕೋ ಎನ್ನಬೇಡಿ, ನೋವು ಶಮನದ ಡಾಕ್ಟರನ್ನು ಇಂದೇ ಕೇಳಿ. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಕೊನೆಯ ದಿನಗಳ ರೋಗಿಗಳ ಆರೈಕೆ ಮನೆ ತೆರೆದ ಸಿಸಿಲಿ ಸಾಂಡರ್ಸ್ ದೇವಭಕ್ತೆ, ಡಾಕ್ಟರೂ ಹೌದು. ನೋವು ಬಂದ ಮೇಲಲ್ಲ, ಬರುವ ಮೊದಲೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕು ಎಂದು ಪಟ್ಟು ಹಿಡಿದವರು ಅವರು. ನಮ್ಮ ಬೆಂಗಳೂರಿನ ಕರುಣಾಶ್ರಯವೂ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ.

ನಿಮ್ಮ ಸಭೆಯ ಅಯ್ಯನವರನ್ನು ಕರೆಸಿ ಮನೆಯಲ್ಲೇ ಅವ್ವನಿಗೆ ಕರ್ತನ ಭೋಜನ ಕೊಡಿಸಿ. ಪ್ರಾರ್ಥನೆಗೆ ಬರುವವರಿಗೆ ಹತ್ತು ನಿಮಿಷ ಸಾಕು ಎಂದು ನೀವೇ ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೆ ತಿಳಿಯಲಿ. ಅವರಲ್ಲೇ ಒಬ್ಬರಿಬ್ಬರನ್ನು ರಾತ್ರಿ ಪಾಳಿಗೆ ಕೇಳಿ. ನಿಮಗೂ ನಿದ್ದೆ ಬೇಕು.

ಸಂಪಾದಕ