ಕೊಳ್ಳುವ ಮೊದಲು ಬಳಸಿದವರನ್ನು ಕೇಳಿ

ವಿದ್ಯುತ್ ವಾಹನ ಮತ್ತು ಶುದ್ಧ ಇಂಧನವನ್ನು ಜನರಿಗೆ ಪರಿಚಯಿಸಲು ನಡೆಯುವ ಉಚಿತ ಮೇಳಗಳ ಬಗ್ಗೆ ಈ ತಿಂಗಳು ಹಲವು ಓದುಗರು ಬರೆದಿದ್ದಾರೆ. ಅವುಗಳಲ್ಲಿ ಐದು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳೇ ಸೇರಿ ವಿದ್ಯುತ್ ವಾಹನಗಳ ಮೇಳವೊಂದನ್ನು ಏರ್ಪಡಿಸುತ್ತಿದ್ದಾರೆ. ಪ್ರವೇಶ ಉಚಿತ. ಉಚಿತವೆಂದ ಮೇಲೆ ಅದರ ಹಿಂದೆ ಮಾರಾಟಗಾರರು ಇದ್ದೇ ಇರುತ್ತಾರೆ ಎಂದು ನನ್ನ ಪತಿಯ ಅನುಮಾನ. ಹೋಗುವುದರಿಂದ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪತಿಯ ಎಚ್ಚರಿಕೆ ತಪ್ಪಲ್ಲ. ಆದರೆ ಮೇಳದಲ್ಲಿ ವಾಹನದ ಪಕ್ಕ ನಿಂತಿರುವವರು ಯಾರು ಎಂಬುದರ ಮೇಲೆ ಇದಕ್ಕೆ ಉತ್ತರ ನಿಂತಿದೆ. ಸಮುದಾಯದವರು ನಡೆಸುವ ಮೇಳದ ನಿಜವಾದ ಬೆಲೆಯಿರುವುದು ಸ್ವಂತ ದುಡ್ಡಿನಿಂದ ವಾಹನ ಕೊಂಡು, ಒಂದೆರಡು ವರ್ಷ ಓಡಿಸಿ, ಅದರ ಸುಖದುಃಖ ಎರಡನ್ನೂ ಕಂಡವರು ಅಲ್ಲಿ ಮಾತಿಗೆ ಸಿಗುತ್ತಾರೆ ಎಂಬುದರಲ್ಲಿ. ಮಳಿಗೆಯಲ್ಲಿ ಸಿಗುವ ಕರಪತ್ರ ಈ ಕೆಲಸವನ್ನು ಮಾಡಲಾರದು.

ಅವರನ್ನು 'ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ' ಎಂದು ಮಾತ್ರ ಕೇಳಿ ಬಂದುಬಿಡಬೇಡಿ. ಕಂಪನಿ ಪ್ರಕಟಿಸುವ ದೂರವು ಗೊತ್ತುಪಡಿಸಿದ ಪರೀಕ್ಷಾ ಕ್ರಮದಲ್ಲಿ ಅಳೆದದ್ದು. ಹೆದ್ದಾರಿಯ ವೇಗ, ಏರುದಾರಿ, ಕಡು ಚಳಿ, ತುಂಬಿದ ಆಸನಗಳು, ಎಡೆಬಿಡದೆ ಓಡುವ ಹವಾನಿಯಂತ್ರಕ, ಇವೆಲ್ಲ ಅದನ್ನು ಕಡಿಮೆ ಮಾಡುತ್ತವೆ. ಬದಲಿಗೆ ಹೀಗೆ ಕೇಳಿ: ನೀವು ನಿತ್ಯ ಓಡಾಡುವ ದಾರಿಯಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ಖರ್ಚಾಗುತ್ತದೆ? ಚಾರ್ಜ್ ಮಾಡುವುದು ಎಲ್ಲಿ, ಯಾವ ಹೊತ್ತಿನಲ್ಲಿ? ದೂರದ ಪ್ರಯಾಣದಲ್ಲಿ ಚಾರ್ಜಿಂಗ್ ಕೇಂದ್ರ ಕೆಟ್ಟು ನಿಂತಿದ್ದ ದಿನ ಏನು ಮಾಡಿದಿರಿ? ಈ ಕೊನೆಯ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸುವವರು ಸಿಕ್ಕರೆ ಅವರೊಂದಿಗೆ ಅರ್ಧ ಗಂಟೆ ಕುಳಿತುಕೊಳ್ಳಿ.

ಹೋಗುವ ಮುನ್ನ ಒಂದು ಸಣ್ಣ ಸಿದ್ಧತೆ ಮಾಡಿಕೊಳ್ಳಿ. ಒಂದು ವಾರ ನಿಮ್ಮ ಮನೆಯ ವಾಹನ ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹೆಚ್ಚಿನವರಿಗೆ ಆ ಅಂಕಿ ತಾವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಾಗಿರುತ್ತದೆ. ಸಣ್ಣ ವಿದ್ಯುತ್ ಕಾರೊಂದು ನೂರು ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬಳಸುತ್ತದೆ ಎಂದು ಹಿಡಿದರೆ, ದಿನಕ್ಕೆ 30 ಕಿಲೋಮೀಟರ್ ಓಡಾಡುವ ಮನೆಗೆ ನಾಲ್ಕೈದು ಯೂನಿಟ್ ಸಾಕು. ಮನೆಯಲ್ಲಿರುವ 3 ಕಿಲೋವ್ಯಾಟಿನ ಸಾಧಾರಣ ಸಂಪರ್ಕದಿಂದ ಅಷ್ಟನ್ನು ತುಂಬಲು ಎರಡು ಗಂಟೆಯೂ ಬೇಕಾಗದು. ಈ ಲೆಕ್ಕ ಕೈಯಲ್ಲಿದ್ದರೆ ಯಾರ ಮಾತಿಗೂ ಮರುಳಾಗಬೇಕಿಲ್ಲ, ಯಾರ ಮಾತಿಗೂ ಹೆದರಬೇಕಿಲ್ಲ.

ಪ್ರಶ್ನೆ: ಮೇಳದಲ್ಲಿ ಕಾರೊಂದನ್ನು ಓಡಿಸಿ ನೋಡಿದೆವು. ಹಿಂದಿನ ಆಸನದಲ್ಲಿ ಕುಳಿತಿದ್ದ ನಮ್ಮ ಅತ್ತೆಯವರಿಗೆ ಹತ್ತೇ ನಿಮಿಷದಲ್ಲಿ ತಲೆ ಸುತ್ತಿ ವಾಕರಿಕೆ ಬಂದಿತು. ವಿದ್ಯುತ್ ಕಾರುಗಳೆಲ್ಲ ಹೀಗೆಯೇ?

ಉತ್ತರ: ಇಲ್ಲ. ವೇಗವರ್ಧಕದಿಂದ ಕಾಲೆತ್ತಿದ ಕೂಡಲೇ ಈ ಕಾರುಗಳ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ವಾಹನದ ಚಲನೆಯನ್ನೇ ವಿದ್ಯುತ್ತಾಗಿಸಿ ಬ್ಯಾಟರಿಗೆ ಮರಳಿಸುತ್ತದೆ. ಆಗ ಚಾಲಕರ ಮುಂದಿನ ಪರದೆಯಲ್ಲಿ ಕಿಲೋವ್ಯಾಟ್ ಅಂಕಿಯು ಸೊನ್ನೆಯ ಆಚೆ ಇಳಿಯುವುದನ್ನು ನೀವೂ ನೋಡಿರಬಹುದು. ಈ ಏರ್ಪಾಡನ್ನು ತೀವ್ರ ಮಟ್ಟದಲ್ಲಿಟ್ಟಿದ್ದರೆ ಮತ್ತು ಚಾಲಕರಿಗೆ ಅಭ್ಯಾಸವಿಲ್ಲದಿದ್ದರೆ, ಕಾಲೆತ್ತಿದಾಗಲೆಲ್ಲ ಕಾರು ಹಿಡಿದೆಳೆದಂತೆ ನಿಧಾನವಾಗುತ್ತದೆ. ಹಿಂದೆ ಕುಳಿತವರಿಗೆ ಅದರ ಮುನ್ಸೂಚನೆಯೇ ಇರುವುದಿಲ್ಲ. ಬಹುತೇಕ ಮಾದರಿಗಳಲ್ಲಿ ಈ ಮಟ್ಟವನ್ನು ತಗ್ಗಿಸಬಹುದು. ತಗ್ಗಿಸಿ, ಅತ್ತೆಯವರನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಓಡಿಸಿ ನೋಡಿ, ಅವರ ಅಭಿಪ್ರಾಯ ಕೇಳಿದ ಮೇಲೆಯೇ ತೀರ್ಮಾನಿಸಿ.

ಪ್ರಶ್ನೆ: ಬ್ಯಾಟರಿ ಐದು ವರ್ಷಕ್ಕೆ ಸತ್ತುಹೋಗುತ್ತದೆ ಎಂದು ಕೆಲವರೂ, ಕಾರಿಗಿಂತ ಹೆಚ್ಚು ಬಾಳುತ್ತದೆ ಎಂದು ಕೆಲವರೂ ಹೇಳುತ್ತಾರೆ. ಯಾರನ್ನು ನಂಬಲಿ?

ಉತ್ತರ: ಬ್ಯಾಟರಿ ಒಂದು ದಿನ ಇದ್ದಕ್ಕಿದ್ದಂತೆ ಸಾಯುವುದು ಅಪರೂಪ, ಅದು ನಿಧಾನವಾಗಿ ಸವೆಯುತ್ತದೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್‌ಗಳವರೆಗೆ ಮೂಲ ಸಾಮರ್ಥ್ಯದ ಶೇಕಡಾ 70ರಷ್ಟಾದರೂ ಉಳಿಯುತ್ತದೆ ಎಂದು ಅನೇಕ ಕಾರು ತಯಾರಕರು ಖಾತರಿ ನೀಡುತ್ತಾರೆ. ಸವೆತವನ್ನು ಹೆಚ್ಚಿಸುವುದು ಮುಖ್ಯವಾಗಿ ಬಿಸಿ. ಪೂರ್ತಿ ತುಂಬಿಸಿ ದಿನಗಟ್ಟಲೆ ನಿಲ್ಲಿಸುವುದು, ಪದೇ ಪದೇ ಪೂರ್ತಿ ಬರಿದು ಮಾಡುವುದು, ಸದಾ ವೇಗದ ಚಾರ್ಜರನ್ನೇ ನೆಚ್ಚುವುದು, ಇವು ಆಮೇಲಿನ ಕಾರಣಗಳು.

ಬ್ಯಾಟರಿಯೊಳಗಿನ ರಸಾಯನ ಯಾವುದೆಂದು ತಪ್ಪದೆ ಕೇಳಿ. ನಿಕ್ಕಲ್ ಮತ್ತು ಕೋಬಾಲ್ಟ್ ಬಳಸಿದ್ದಾದರೆ ತೂಕ ಕಡಿಮೆ, ದೂರ ಹೆಚ್ಚು, ಆದರೆ ನಿತ್ಯದ ಬಳಕೆಯಲ್ಲಿ ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವುದು ಒಳ್ಳೆಯದು. ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ್ದು ಅಷ್ಟೇ ಶಕ್ತಿಗೆ ಹೆಚ್ಚು ತೂಗುತ್ತದೆ, ಆದರೆ ಹೆಚ್ಚು ಬಾರಿ ಚಾರ್ಜ್ ಮಾಡುವುದನ್ನು ತಾಳಿಕೊಳ್ಳುತ್ತದೆ ಮತ್ತು ಬಿಸಿಗೆ ಬೇಗ ಅಂಜುವುದಿಲ್ಲ. 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಗೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ವಸ್ತುವಲ್ಲ. ಇದರ ಸ್ವಭಾವ ಸಾಕಷ್ಟು ತಿಳಿದಿದೆ.

ಬೆಂಕಿಯ ಭಯವನ್ನೂ ನೀವು ಪತ್ರದಲ್ಲಿ ಸೂಚಿಸಿದ್ದೀರಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಬಹಳ ನೀರು ಬೇಕು, ಆರಿತೆಂದುಕೊಂಡ ಮೇಲೂ ಅದು ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ಮರೆಮಾಚಬಾರದು. ಆದರೆ ಮನೆಯವರ ಕೈಯಲ್ಲಿರುವ ಎಚ್ಚರಿಕೆ ಬೇರೆಯೇ ಇದೆ. ಗಂಟೆಗಟ್ಟಲೆ ಒಂದೇ ಸಮನೆ ಹೆಚ್ಚು ಕರೆಂಟು ಎಳೆಯುವ ಕೆಲಸಕ್ಕೆ ಹಳೆಯ ಎಕ್ಸ್‌ಟೆನ್ಷನ್ ಬೋರ್ಡು, ಸಡಿಲವಾದ ಸಾಕೆಟ್ಟು ಸಲ್ಲವು. ಚಾರ್ಜ್ ಆರಂಭಿಸಿದ ಅರ್ಧ ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಆಗಲಿ, ಕೈ ಇಡಲಾರದಷ್ಟು ಸುಡುತ್ತಿದ್ದರೆ ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಪ್ರಶ್ನೆ: ವಿದ್ಯುತ್ತೇ ಕಲ್ಲಿದ್ದಲಿನಿಂದ ಬರುವಾಗ ವಿದ್ಯುತ್ ವಾಹನವನ್ನು ಶುದ್ಧವೆಂದು ಕರೆಯುವುದು ಆತ್ಮವಂಚನೆಯಲ್ಲವೇ?

ಉತ್ತರ: ಈ ಪ್ರಶ್ನೆಯನ್ನು ಮೇಳದಲ್ಲಿ ಎಲ್ಲರೆದುರು ಕೇಳಿ, ಅದಕ್ಕೆ ಲೆಕ್ಕದಲ್ಲೇ ಉತ್ತರ ಸಿಗಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನೂರು ಕಿಲೋಮೀಟರಿಗೆ ಆರು ಲೀಟರ್ ಕುಡಿಯುವ ಕಾರು ಸುಮಾರು 14 ಕಿಲೋ ಹೊರಹಾಕುತ್ತದೆ. ತೈಲವನ್ನು ಮೇಲೆತ್ತಿ, ಶುದ್ಧೀಕರಿಸಿ, ಸಾಗಿಸುವಾಗ ಆಗುವ ಮಾಲಿನ್ಯ ಅದಕ್ಕಿಂತ ಹೊರತು. ಅದೇ ದೂರಕ್ಕೆ ವಿದ್ಯುತ್ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ 17 ಯೂನಿಟ್ ಬೇಕೆಂದುಕೊಳ್ಳಿ. ಅಷ್ಟೂ ಕಲ್ಲಿದ್ದಲಿನಿಂದಲೇ ಬಂದರೆ ಯೂನಿಟ್ಟಿಗೆ ಒಂದು ಕಿಲೋದ ಆಸುಪಾಸಿನಂತೆ ಸುಮಾರು 16, 17 ಕಿಲೋ ಆಗುತ್ತದೆ. ಅಂದರೆ ಬರೀ ಕಲ್ಲಿದ್ದಲನ್ನು ನೆಚ್ಚಿದ ಕಡೆ ಎರಡೂ ಹೆಚ್ಚುಕಡಿಮೆ ಸರಿಸಮ. ಬ್ಯಾಟರಿ ತಯಾರಿಸುವಾಗ ಆದ ಹೆಚ್ಚುವರಿ ಮಾಲಿನ್ಯವನ್ನು ಸೇರಿಸಿದರೆ ವಿದ್ಯುತ್ ಕಾರೇ ಹಿಂದೆ ಬೀಳಬಹುದು. ನಿಮ್ಮ ಸಂದೇಹಕ್ಕೆ ಅಷ್ಟರ ಮಟ್ಟಿಗೆ ಬಲವಿದೆ.

ಆದರೆ ವಿದ್ಯುತ್ತಿನ ಅರ್ಧದಷ್ಟು ಜಲ, ಗಾಳಿ, ಬಿಸಿಲಿನಿಂದ ಬಂದರೆ ಆ 17 ಕಿಲೋ ಎಂಟೊಂಬತ್ತಕ್ಕೆ ಇಳಿಯುತ್ತದೆ. ಇಂದು ಕೊಂಡ ಪೆಟ್ರೋಲ್ ಕಾರು ಹತ್ತು ವರ್ಷದ ನಂತರವೂ ಅಷ್ಟೇ ಹೊಗೆಯುಗುಳುತ್ತದೆ. ವಿದ್ಯುತ್ ಕಾರಾದರೋ ಜಾಲದಲ್ಲಿ ಶುದ್ಧ ವಿದ್ಯುತ್ ಹೆಚ್ಚಿದಂತೆಲ್ಲ ತಾನೂ ಶುದ್ಧವಾಗುತ್ತ ಹೋಗುತ್ತದೆ. ಆದ್ದರಿಂದಲೇ ವಾಹನ ಮತ್ತು ಇಂಧನ ಎರಡನ್ನೂ ಒಂದೇ ಮೇಳದಲ್ಲಿ ಇಡುವುದು ಸರಿಯಾದ ಕ್ರಮ ಎಂದು ನಾನು ದೃಢವಾಗಿ ನಂಬಿದ್ದೇನೆ. ಚಾರ್ಜ್ ಮಾಡುವ ಹೊತ್ತೂ ಮುಖ್ಯ: ಸೌರ ವಿದ್ಯುತ್ ಹೇರಳವಾಗಿರುವ ಮಧ್ಯಾಹ್ನ ಚಾರ್ಜ್ ಮಾಡುವುದಕ್ಕೂ, ಎಲ್ಲರ ಮನೆಯ ದೀಪ ಉರಿಯುವ ಮುಸ್ಸಂಜೆಯಲ್ಲಿ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮೇಳದಲ್ಲಿ ಮಕ್ಕಳಿಗಾಗಿ ಒಂದು ಮೇಜು ಕೊಟ್ಟಿದ್ದಾರೆ. ಸರಳವಾದ ಸಾಮಗ್ರಿಯಿಂದ ಏನು ತೋರಿಸಬಹುದು?

ಉತ್ತರ: ಎರಡು ಪ್ರಯೋಗಗಳನ್ನು ಸೂಚಿಸುತ್ತೇನೆ ಮೇಡಂ. ಮೊದಲನೆಯದು, ಚಿಕ್ಕ ಸೌರಫಲಕಕ್ಕೆ ಆಟಿಕೆಯ ಫ್ಯಾನೊಂದನ್ನು ಜೋಡಿಸಿ ಬಿಸಿಲಿಗಿಡುವುದು. ಮಕ್ಕಳು ಒಂದು ಎಲೆಯಿಂದ ಫಲಕದ ಒಂದೇ ಒಂದು ಕೋಶವನ್ನು ಪೂರ್ತಿ ಮುಚ್ಚಲಿ. ಕೋಶಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿ ಜೋಡಣೆಗೊಂಡಿರುವುದರಿಂದ, ಒಂದು ಕೊಂಡಿ ಸೊರಗಿದರೂ ಫ್ಯಾನಿನ ವೇಗ ಎದ್ದು ಕಾಣುವಂತೆ ಕುಸಿಯುತ್ತದೆ. ಮನೆಯ ಚಾವಣಿಯ ಮೇಲೆ ಮರದ ನೆರಳು ಏಕೆ ಬೀಳಬಾರದೆಂದು ಆಗ ಯಾರೂ ವಿವರಿಸಬೇಕಾಗುವುದಿಲ್ಲ. ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ತೋರಿಸಿದ ಸಿಲಿಕಾನ್ ಸೌರಕೋಶ ಬಿಸಿಲಿನ ಸುಮಾರು ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು, ಇಂದಿನ ಒಳ್ಳೆಯ ಫಲಕಗಳು ಶೇಕಡಾ 20ನ್ನು ದಾಟುತ್ತವೆ ಎಂಬುದನ್ನೂ ಅಲ್ಲೇ ಹೇಳಬಹುದು.

ಎರಡನೆಯದು ಮಕ್ಕಳಿಗೆ ಇನ್ನೂ ಹೆಚ್ಚು ಹಿಡಿಸುತ್ತದೆ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಜನರೇಟರ್ ಜೋಡಿಸಿ, ಎರಡು ಸ್ವಿಚ್ಚುಗಳನ್ನು ಇಡಿ. ಒಂದಕ್ಕೆ 60 ವ್ಯಾಟಿನ ಹಳೆಯ ತಂತಿದೀಪ, ಇನ್ನೊಂದಕ್ಕೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪ. ವೈರಿಂಗನ್ನು ತಿಳಿದವರಿಂದಲೇ ಮಾಡಿಸಿ. ಎಲ್‌ಇಡಿ ದೀಪಕ್ಕೆ ಮಗು ಮಾತಾಡುತ್ತಲೇ ತುಳಿಯುತ್ತದೆ. ತಂತಿದೀಪದ ಸ್ವಿಚ್ ಒತ್ತಿದೊಡನೆ ಪೆಡಲ್ಲು ಭಾರವಾಗಿ, ಅದರ ಮಾತು ನಿಂತು, ಉಸಿರು ಏರುತ್ತದೆ. ಆಗ ಒಂದು ಲೆಕ್ಕ ಹಾಕಿಸಿ: ಗಟ್ಟಿಮುಟ್ಟಾದ ದೊಡ್ಡವರು 100 ವ್ಯಾಟಿನಂತೆ ಬಿಡದೆ ತುಳಿದರೂ ಒಂದು ಯೂನಿಟ್ಟಿಗೆ ಹತ್ತು ಗಂಟೆ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿಯಿದೆ, ಎಂದರೆ ತೊಂಬತ್ತು ಗಂಟೆಗಳ ತುಳಿತ. ಎಂಜಿನ್ ಅದರಲ್ಲಿ ಚಕ್ರಕ್ಕೆ ಮುಟ್ಟಿಸುವುದು ಕಾಲುಭಾಗದಷ್ಟು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ತುಳಿದು ದಣಿದ ಮಗು ಈ ಅಂಕಿಗಳನ್ನು ತಾನೇ ಹಲಗೆಯ ಮೇಲೆ ಬರೆಯಲಿ, ಮುಂದಿನ ಮಗುವಿಗೆ ತಾನೇ ವಿವರಿಸಲಿ.